ಲೆಕ್ಕಕ್ಕೆ ಸಿಗದ 63ನೆಯವರು

2021ರ ಜೂನ್ 12, ಶನಿವಾರ. ನಮ್ಮೂರ ನ್ಯಾಯಬೆಲೆ ಅಂಗಡಿಯ ಮುಂದೆ 62 ಜನರ ಮೂಗಿಗೆ ಕೊರೋನಾ ಟೆಸ್ಟ್‌ನ ಕಡ್ಡಿ ಹಾಕಿದರು. ಒಬ್ಬರಿಗೆ ಪಾಸಿಟಿವ್ ಬಂತು. ಟೆಸ್ಟ್ ಮಾಡಲು ಬಂದವರು ಖುಷಿಯಾಗಿ ಗಾಡಿ ಹತ್ತಿದರು. ಊರಿನವರು ಖುಷಿಯಾಗಿ ಅಕ್ಕಿ ಚೀಲ ಹೊತ್ತು ಮನೆಗೆ ಹೋದರು. ಆ ಕ್ಯೂನಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಬಾಗಿಲು ಮುಂದಕ್ಕೆ ಹಾಕಿದ ಮನೆಯೊಳಗೆ ಹಾಲಪ್ಪಜ್ಜ ಕೆಮ್ಮುತ್ತಾ ಮಲಗಿದ್ದರು. ಅವರು 63ನೆಯವರಾಗಬೇಕಿತ್ತು. ಆಗಲಿಲ್ಲ. ಆಗದ ಹಾಗೆ ನೋಡಿಕೊಂಡವರಲ್ಲಿ ನಾನೂ ಒಬ್ಬ.

ಹೆಸರುಗಳನ್ನು ಬದಲಿಸಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಆನಗೋಡು ದಾಟಿ, ಹೆಬ್ಬಾಳು ಟೋಲ್ ದಾಟಿ, ಒಳಗೆ ತಿರುಗಿದರೆ ಸಿಗುವ ಊರು ಅಂದರೆ ಸಾಕು. ಭದ್ರಾ ನಾಲೆಯ ನೀರು ಇತ್ತ ಬರುವುದಿಲ್ಲ. ಮಳೆ ಬಂದರೆ ಮೆಕ್ಕೆಜೋಳ, ಬರದಿದ್ದರೆ ದಾವಣಗೆರೆಯಲ್ಲಿ ಕೂಲಿ. ಜಿಲ್ಲೆ ದಾವಣಗೆರೆ. ಆದರೆ ಬೈಕ್ ಹತ್ತಿದರೆ ಕಾಲು ಗಂಟೆಯಲ್ಲಿ ಭರಮಸಾಗರ, ಅದು ಚಿತ್ರದುರ್ಗ ಜಿಲ್ಲೆ. ಈ ಗಡಿ ಅಲ್ಲಿವರೆಗೆ ಸುಮ್ನೆ ನಕ್ಷೆಯಲ್ಲಿ ಇತ್ತು. ಆ ಜೂನ್‌ನಲ್ಲಿ ಮೊದಲ ಸಲ ಹೊಟ್ಟೆಗೆ ತಾಗಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು. ಪಂಚಾಯಿತಿಯ ಕೋವಿಡ್ ಕಾರ್ಯಪಡೆಯಲ್ಲಿ ನನ್ನನ್ನೂ ಸೇರಿಸಿದ್ದರು. ಮನೆ ಮನೆ ಸರ್ವೆ, ಮಾಸ್ಕ್ ಹಾಕ್ರಿ ಅಂತ ಹೇಳುವುದು, ಹೊರಗಿನಿಂದ ಬಂದವರ ಪಟ್ಟಿ ಬರೆಯುವುದು, ಇದು ಕೆಲಸ. ಲೆಕ್ಕ ಗೊತ್ತಿದೆ ಅನ್ನುವ ಒಂದೇ ಕಾರಣಕ್ಕೆ ಕಟ್ಟೆಯ ಮೇಲೆ ನನ್ನ ಮಾತಿಗೆ ಬೆಲೆ ಇತ್ತು. ಮುಂದೆ ಆದದ್ದಕ್ಕೆ ಆ ಬೆಲೆಯೂ ಒಂದು ಕಾರಣ.

ಸೊನ್ನೆ ಇದ್ದ ವರ್ಷ

2020ರಲ್ಲಿ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ನಮ್ಮೂರವರು ಮೊದಲು ಮಾಡಿದ ಕೆಲಸ ಎಂದರೆ ಜಾಲಿಮುಳ್ಳು ಕಡಿದು ತಂದು ರಸ್ತೆಗೆ ಅಡ್ಡ ಹಾಕಿದ್ದು. ಆಗ ಜಿಲ್ಲೆಯಲ್ಲಿ ಕೇಸುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಏಪ್ರಿಲ್ ಕೊನೆಗೆ ದಾವಣಗೆರೆ ಹಸಿರು ವಲಯ ಎಂಬ ಮಾತು ಬಂತು. ಆ ಖುಷಿ ಎರಡು ದಿನ ಉಳಿಯಲಿಲ್ಲ. ಮೇ ಮೊದಲ ವಾರದಲ್ಲಿ ಒಂದೇ ದಿನ 20ಕ್ಕಿಂತ ಜಾಸ್ತಿ ಕೇಸು ಬಂದವು. ಟಿವಿ ತುಂಬ ದಾವಣಗೆರೆಯೇ.

ಆಗ ಒಬ್ಬೊಬ್ಬ ರೋಗಿಗೂ ಒಂದೊಂದು ನಂಬರ್ ಇತ್ತು, ನೆನಪಿದೆ ಅಲ್ವಾ? ಪಿ ಅಂತ ಬರೆದು ಮುಂದೆ ಸಂಖ್ಯೆ. ಎಷ್ಟು ವಯಸ್ಸು, ಗಂಡೋ ಹೆಣ್ಣೋ, ಎಲ್ಲಿಂದ ಬಂದವರು, ಯಾರಿಂದ ಅಂಟಿತು, ಎಲ್ಲಾ ಸಂಜೆಯ ಬುಲೆಟಿನ್‌ನಲ್ಲಿ ಬರುತ್ತಿತ್ತು. ಜನ ಅದನ್ನು ಕ್ರಿಕೆಟ್ ಸ್ಕೋರಿನ ಹಾಗೆ ನೋಡುತ್ತಿದ್ದರು. ಹೆಸರು ಹಾಕುತ್ತಿರಲಿಲ್ಲ, ನಿಜ. ಆದರೆ ಹಳ್ಳಿಯಲ್ಲಿ ವಯಸ್ಸು ಮತ್ತು ಕೇರಿ ಹೇಳಿದರೆ ಹೆಸರು ಯಾಕೆ ಬೇಕು? ಪಕ್ಕದ ಊರಲ್ಲಿ ಒಂದು ಮನೆಗೆ ಸೀಲ್‌ಡೌನ್ ಆಯಿತು. ಬೀದಿಗೆ ತಗಡು ಬಡಿದರು. ಆ ಮನೆಯ ಹಾಲು ಡೈರಿಯವರು ಆರು ವಾರ ಹಾಕಿಸಿಕೊಳ್ಳಲಿಲ್ಲ. ಕಾಯಿಲೆ ಹದಿನಾಲ್ಕು ದಿನದಲ್ಲಿ ಹೋಯಿತು, ಹಾಲಿನ ಮೈಲಿಗೆ ಹೋಗಲಿಲ್ಲ.

ನಮ್ಮೂರವರು ಅದರಿಂದ ಪಾಠ ಕಲಿತರು. ಕಲಿತದ್ದು ಉಲ್ಟಾ ಪಾಠ. ಕೊರೋನಾ ಬಂದರೆ ತೊಂದರೆ ಅಂತ ಅಲ್ಲ, ಕೊರೋನಾ ಇದೆ ಅಂತ ಕಾಗದದ ಮೇಲೆ ಬಂದರೆ ತೊಂದರೆ ಅಂತ. ಆ ವರ್ಷ ಪೂರ್ತಿ ನಮ್ಮೂರ ಲೆಕ್ಕ ಸೊನ್ನೆ. ಜ್ವರ ಇರಲಿಲ್ಲವೇ? ಇತ್ತು. ಗಣೇಶನ ಹಬ್ಬದ ಹೊತ್ತಿಗೆ ನಾಲ್ಕು ಮನೆಗಳಲ್ಲಿ ಒಟ್ಟೊಟ್ಟಿಗೆ ಮೂಗಿನ ವಾಸನೆ ಹೋಗಿತ್ತು. ಸಾರಿಗೆ ಒಗ್ಗರಣೆ ಹಾಕಿದ್ದೇ ಗೊತ್ತಾಗುತ್ತಿಲ್ಲ ಅಂತ ಹೆಂಗಸರು ನಲ್ಲಿ ಹತ್ತಿರ ನಗಾಡುತ್ತಿದ್ದರು.

ಆ ಸೊನ್ನೆ ನಮ್ಮೊಬ್ಬರದೇ ಅಲ್ಲ. ಅದೇ 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ರಕ್ತ ತೆಗೆದು ಒಂದು ಸಮೀಕ್ಷೆ ಮಾಡಿಸಿತ್ತು. ರಾಜ್ಯದ 27.3 ಶೇಕಡಾ ಜನರಿಗೆ, ಅಂದರೆ ಸುಮಾರು 1.93 ಕೋಟಿ ಜನರಿಗೆ, ಸೋಂಕು ಆಗಲೇ ತಾಗಿದೆ ಅಂತ ಅದು ಹೇಳಿತು. ಪತ್ತೆಯಾದ ಒಬ್ಬರ ಹಿಂದೆ ಪತ್ತೆಯಾಗದ 40 ಜನ. ಇದನ್ನು ನಾನು ಕಟ್ಟೆಯ ಮೇಲೆ ಓದಿ ಹೇಳಿದೆ. 'ಹಂಗಾದ್ರೆ ನಮಗೂ ಬಂದು ಹೋಗ್ಯಾದೆ ಬಿಡ್ರಿ ಮೇಷ್ಟ್ರೇ' ಅಂದರು. ಆ ಅಂಕಿಯಿಂದ ಅವರಿಗೆ ಸಿಕ್ಕಿದ್ದು ಧೈರ್ಯ. ಎಚ್ಚರಿಕೆ ಸಿಗಬೇಕಿತ್ತು.

ಹತ್ತನೇ ಜನ

ಲಸಿಕೆ 2021ರ ಜನವರಿ 16ಕ್ಕೆ ಶುರುವಾಯಿತು, ಮೊದಲು ಆಸ್ಪತ್ರೆಯ ಸಿಬ್ಬಂದಿಗೆ. ಮಾರ್ಚ್ 1ರಿಂದ 60 ದಾಟಿದವರಿಗೆ, ಜೊತೆಗೆ ಬೇರೆ ಕಾಯಿಲೆ ಇರುವ 45 ದಾಟಿದವರಿಗೆ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ. ನಮ್ಮೂರಲ್ಲಿ ಮಾರ್ಚ್ ಪೂರ್ತಿ ಯಾರೂ ಹೋಗಲಿಲ್ಲ. ಚುಚ್ಚಿಸಿಕೊಂಡರೆ ಜ್ವರ ಬರುತ್ತದೆ, ಜ್ವರ ಬಂದರೆ ಟೆಸ್ಟ್ ಮಾಡುತ್ತಾರೆ, ಟೆಸ್ಟ್ ಮಾಡಿದರೆ ಸೀಲ್‌ಡೌನ್. ಇದು ಅವರ ತರ್ಕ. ನಗಬೇಡಿ. ಒಂದು ವರ್ಷ ಕಂಡದ್ದನ್ನು ಸಾಲಾಗಿ ಜೋಡಿಸಿದರೆ ಅವರಿಗೆ ಸಿಗುತ್ತಿದ್ದ ಉತ್ತರ ಅದೇ.

ಏಪ್ರಿಲ್ 7, ಬುಧವಾರ. ಶಾಲೆಯ ಜಗುಲಿಯಲ್ಲಿ ಲಸಿಕೆ ಕ್ಯಾಂಪ್. ಸಿಸ್ಟರ್ ನೀಲಿ ಡಬ್ಬ ಇಟ್ಟುಕೊಂಡು ಕೂತಿದ್ದರು. ಒಳಗೆ ನಾಲ್ಕು ಐಸ್‌ಪ್ಯಾಕ್, ನಡುವೆ ಕೋವಿಶೀಲ್ಡ್ ಸೀಸೆಗಳು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರುವ ಸೀಸೆ, ಅದರಲ್ಲಿ ಹತ್ತು ಜನರ ಮದ್ದು, ಒಬ್ಬರಿಗೆ ಅರ್ಧ ಎಂಎಲ್. ಒಮ್ಮೆ ಮುಚ್ಚಳಕ್ಕೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಹತ್ತೂ ಜನರಿಗೆ ಕೊಡಬೇಕು. ಉಳಿದರೆ ಚೆಲ್ಲಬೇಕು, ಚೆಲ್ಲಿದ್ದಕ್ಕೆ ಮೇಲಿನವರಿಗೆ ಉತ್ತರ ಹೇಳಬೇಕು. ಹಾಗಾಗಿ ಹತ್ತು ಜನ ಕೂಡುವವರೆಗೆ ಸೀಸೆ ತೆಗೆಯುವುದಿಲ್ಲ.

ಆವತ್ತು ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಜನ ಆಗಿದ್ದರು. ನಾನು, ನನ್ನ ಹೆಂಡತಿ, ಅಂಗನವಾಡಿ ಟೀಚರ ಅತ್ತೆ, ಇನ್ನು ಆರು ಜನ. ಒಂದು ಗಂಟೆ ಕಾದೆವು. ಅದರಲ್ಲಿ ಇಬ್ಬರು ಎದ್ದು ಹೋಗುವ ಹಾಗೆ ಕಂಡರು. ಆಗ ನಮ್ಮೂರ ಆಶಾ ಕಾರ್ಯಕರ್ತೆ ಶಾಂತಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಹತ್ತು ನಿಮಿಷಕ್ಕೆ ಹಾಲಪ್ಪಜ್ಜನನ್ನು ಕರೆದುಕೊಂಡೇ ಬಂದಳು. ಹೇಗೆ ಒಪ್ಪಿಸಿದೆ ಅಂತ ಕೇಳಿದೆ. ಕಾಯಿಲೆ, ಸಾವು, ಸರ್ಕಾರ ಯಾವುದನ್ನೂ ಅವಳು ಎತ್ತಿರಲಿಲ್ಲ. 'ಅಜ್ಜಾ, ಒಂಬತ್ ಜನ ಕುಂತಾರೆ. ನೀನು ಬರದಿದ್ರೆ ಒಂದು ಪಾಲು ಮಣ್ಣಿಗೆ ಹೋಗ್ತದೆ' ಅಂದಿದ್ದಳಂತೆ. ತಟ್ಟೆಯಲ್ಲಿ ಅಗುಳು ಬಿಡದ ಮನುಷ್ಯ. ಮಣ್ಣಿಗೆ ಹೋಗುತ್ತದೆ ಎಂದರೆ ಕೂರುತ್ತಾರೆಯೇ? ಬಂದು ಅಂಗಿ ತೋಳು ಮಡಚಿ ಕೂತರು. ಚುಚ್ಚಿದ ಮೇಲೆ ಸಿರಿಂಜ್ ಕಟ್ಟಿಕೊಂಡಿತು, ಮತ್ತೆ ಎಳೆಯಲು ಬರಲಿಲ್ಲ. ಒಂದೇ ಸಲ ಬಳಸುವ ಸಿರಿಂಜ್ ಅದು. 'ಇದೂ ಹಾಳು' ಅಂತ ಅಜ್ಜ ಬೇಜಾರು ಮಾಡಿಕೊಂಡರು.

ನೋಂದಣಿಗೆ ಫೋನ್ ನಂಬರ್ ಬೇಕಿತ್ತು. ಅಜ್ಜನ ಹತ್ತಿರ ಫೋನ್ ಇಲ್ಲ, ಮಗ ಬಸವರಾಜ ಅಂಗಡಿಯಲ್ಲಿದ್ದ. ಒಂದು ನಂಬರಿಗೆ ನಾಲ್ಕು ಜನರವರೆಗೆ ಸೇರಿಸಬಹುದಿತ್ತು. ನನ್ನ ನಂಬರ್ ಕೊಟ್ಟೆ.

ಆರು ವಾರ ಬಿಟ್ಟು ಎರಡನೇ ಡೋಸ್ ಅಂತ ಹೇಳಿ ಕಳಿಸಿದರು. ಅದು ಆಗಿನ ನಿಯಮ: ಕೋವಿಶೀಲ್ಡ್‌ಗೆ 6ರಿಂದ 8 ವಾರ.

ಅಷ್ಟರಲ್ಲಿ ಎರಡನೇ ಅಲೆ ಬಂತು. ಏಪ್ರಿಲ್ 27ರಿಂದ ಜನತಾ ಕರ್ಫ್ಯೂ ಅಂತ ಆದಾಗ ಬೆಂಗಳೂರಿನಿಂದ ಹುಡುಗರು ಬೈಕ್ ಮೇಲೆ, ಲಾರಿಯಲ್ಲಿ, ಸಿಕ್ಕ ಬಸ್ಸಿನಲ್ಲಿ ಊರಿಗೆ ಬಂದರು. ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನ 50,112 ಕೇಸು. ಮೇ 10ರಿಂದ ಪೂರ್ತಿ ಲಾಕ್‌ಡೌನ್. ಮಾರ್ಚ್‌ನಲ್ಲಿ ಕರೆದರೂ ಬಾರದವರು ಈಗ ಬೆಳಗಿನ ಐದಕ್ಕೆ ಆರೋಗ್ಯ ಕೇಂದ್ರದ ಮುಂದೆ ಕಲ್ಲು, ಚಪ್ಪಲಿ, ಖಾಲಿ ಬಾಟಲಿ ಇಟ್ಟು ಪಾಳಿ ಹಿಡಿಯುತ್ತಿದ್ದರು. ಆದರೆ ಈಗ ಸೀಸೆಯೇ ಇಲ್ಲ. 18 ದಾಟಿದವರಿಗೂ ಲಸಿಕೆ ಅಂತ ಶುರು ಮಾಡಿ ನಾಲ್ಕು ದಿನ ಕಳೆಯುವಷ್ಟರಲ್ಲಿ, ಮೇ 14ರಿಂದ, ರಾಜ್ಯ ಸರ್ಕಾರವೇ ಅದನ್ನು ನಿಲ್ಲಿಸಬೇಕಾಯಿತು. ಎರಡನೇ ಡೋಸ್‌ನವರಿಗೆ ಮೊದಲು ಅಂದರು.

ಅದಕ್ಕೆ ಒಂದು ದಿನ ಮುಂಚೆ, ಮೇ 13ಕ್ಕೆ, ಕೇಂದ್ರದಿಂದ ಹೊಸ ನಿಯಮ ಬಂದಿತ್ತು. ಕೋವಿಶೀಲ್ಡ್ ಎರಡು ಡೋಸ್‌ಗಳ ನಡುವೆ ಇನ್ನು 12ರಿಂದ 16 ವಾರ. ಅಂತರ ಜಾಸ್ತಿ ಇದ್ದರೆ ರಕ್ಷಣೆ ಚೆನ್ನಾಗಿ ಬರುತ್ತದೆ ಎಂದು ಕಾರಣ ಕೊಟ್ಟರು. ಬ್ರಿಟನ್ನಿನಲ್ಲಿ ಕಂಡುಕೊಂಡ ಮಾತು ಅದು, ಸುಳ್ಳಲ್ಲ. ಸ್ಟಾಕ್ ಇಲ್ಲದ ಹೊತ್ತಿಗೆ ಸರಿಯಾಗಿ ಆ ನಿಯಮ ಬಂದದ್ದೂ ಸುಳ್ಳಲ್ಲ. ಒಂದು ಡೋಸ್ ಮಾತ್ರ ಆದವರಿಗೆ ಡೆಲ್ಟಾ ಎದುರು ರಕ್ಷಣೆ ಕಡಿಮೆ ಎಂಬುದೂ ಆಮೇಲೆ ಗೊತ್ತಾಯಿತು.

ಮೇ 19ಕ್ಕೆ ಅಜ್ಜನಿಗೆ ಸರಿಯಾಗಿ ಆರು ವಾರ ತುಂಬಿತು. ಶಾಂತಕ್ಕ ಹೇಳಿದ ದಿನ ನೆನಪಿಟ್ಟುಕೊಂಡು, ಯಾರೂ ಕರೆಯದೆ, ಮೂರು ಕಿಲೋಮೀಟರ್ ನಡೆದು ಆರೋಗ್ಯ ಕೇಂದ್ರಕ್ಕೆ ಹೋದರು. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ 'ಅಜ್ಜಾ, 84 ದಿನ ಆಗ್ಬೇಕು, ಸಿಸ್ಟಮ್ ತಗೊಳಲ್ಲ' ಅಂದ. 84 ದಿನ ಅಂದರೆ ಜೂನ್ 30. ಅಜ್ಜ ನಡೆದೇ ವಾಪಸ್ ಬಂದರು. ನನ್ನ ಮನೆ ಮುಂದೆ ನಿಂತು, 'ಮೇಷ್ಟ್ರೇ, ಅವತ್ತು ದಂಡ ಆಗ್ತದೆ ಅಂತ ಎಳಕಂಡು ಹೋದ್ರಿ. ಇವತ್ತು ನಾನೇ ಹೋದ್ರೆ ಬ್ಯಾಡ ಅಂತಾರೆ' ಅಂದರು. ಕೋಪ ಇರಲಿಲ್ಲ. ತಮಾಷೆಯಾಗೇ ಹೇಳಿದ್ದು.

ಹತ್ತು ಗಂಟೆ, ಎರಡು ಗಂಟೆ

ಬಸವರಾಜನದು ಕಿರಾಣಿ ಅಂಗಡಿ. ಲಾಕ್‌ಡೌನ್‌ನಲ್ಲಿ ಕಿರಾಣಿಗೆ ಬೆಳಗ್ಗೆ 6ರಿಂದ 10ರವರೆಗೆ ಅನುಮತಿ. ಹತ್ತು ಗಂಟೆಗೆ ಶಟರ್ ಎಳೆಯಬೇಕು. ಹಳ್ಳಿಯಲ್ಲಿ ಜನ ಹೊಲಕ್ಕೆ ಹೋಗಿ ಬಂದು, ಉಂಡು, ಸಾಮಾನಿಗೆ ಬರುವುದೇ ಹನ್ನೊಂದರ ಮೇಲೆ. ಮೇ ತಿಂಗಳಲ್ಲಿ ಅವನ ಅಂಗಡಿ ವ್ಯಾಪಾರ ಅರ್ಧಕ್ಕೂ ಕೆಳಗೆ ಬಿದ್ದಿತ್ತು.

ಜೂನ್ 10, ಗುರುವಾರ ರಾತ್ರಿ ಮುಖ್ಯಮಂತ್ರಿ ಯಡಿಯೂರಪ್ಪನವರ ಘೋಷಣೆ ಬಂತು. ಜೂನ್ 14ರಿಂದ ಸಡಿಲಿಕೆ. ಅಂಗಡಿಗಳು ಮಧ್ಯಾಹ್ನ 2ರವರೆಗೆ ತೆರೆಯಬಹುದು. ಆದರೆ ಪಾಸಿಟಿವಿಟಿ ಜಾಸ್ತಿ ಇರುವ 11 ಜಿಲ್ಲೆಗಳಿಗೆ ಇದು ಇಲ್ಲ, ಅಲ್ಲಿ ಜೂನ್ 21ರವರೆಗೆ ಹಳೆಯದೇ. ಟಿವಿಯ ಕೆಳಗೆ ಪಟ್ಟಿ ಓಡಿತು: ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆ... ಉಳಿದ ಹೆಸರುಗಳನ್ನು ಯಾರೂ ಓದಲಿಲ್ಲ. ಪಟ್ಟಿಯಲ್ಲಿ ಚಿತ್ರದುರ್ಗ ಇರಲಿಲ್ಲ.

ಇದರ ಅರ್ಥ ಮಾರನೇ ದಿನ ಬೆಳಗ್ಗೆಯೇ ಕಟ್ಟೆಯ ಮೇಲೆ ಬಿಚ್ಚಿಕೊಂಡಿತು. ಸೋಮವಾರದಿಂದ ಭರಮಸಾಗರದಲ್ಲಿ ಎರಡು ಗಂಟೆವರೆಗೆ ಅಂಗಡಿ, ನಮ್ಮಲ್ಲಿ ಹತ್ತಕ್ಕೆ ಬಂದ್. ನಮ್ಮೂರ ಗಿರಾಕಿ ಒಳದಾರಿಯಲ್ಲಿ ಬೈಕ್ ಹಾಕಿಕೊಂಡು ಅತ್ತ ಹೋಗುತ್ತಾನೆ. ಒಮ್ಮೆ ಅತ್ತ ಸಾಲದ ಪುಸ್ತಕ ತೆಗೆದರೆ ಇತ್ತ ಬರುವುದಿಲ್ಲ. ಬಸವರಾಜ, ಹೋಟೆಲ್‌ನವನು, ಇನ್ನೆರಡು ಅಂಗಡಿಯವರು, ಪಂಚಾಯಿತಿಯ ಇಬ್ಬರು ಮೆಂಬರುಗಳು ಕೂತಿದ್ದರು. ನನ್ನನ್ನು ಕರೆಸಿದರು.

'ಮೇಷ್ಟ್ರೇ, ಈ ಪಾಸಿಟಿವಿಟಿ ಅಂದ್ರೇನು? ಅದನ್ನ ಹೆಂಗ್ ಇಳಿಸೋದು ಹೇಳ್ರಿ.'

ಗಣಿತದ ಮೇಷ್ಟ್ರಿಗೆ ಯಾರಾದರೂ ಇಷ್ಟು ಆಸೆಯಿಂದ ಲೆಕ್ಕ ಕೇಳಿದರೆ ತಡೆದುಕೊಳ್ಳುವುದು ಕಷ್ಟ. ನಾನು ಸಿಗರೇಟ್ ಪ್ಯಾಕಿನ ಹಿಂದೆ ಬರೆದು ತೋರಿಸಿದೆ.

ನೂರು ಜನರಿಗೆ ಟೆಸ್ಟ್ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಎಲ್ಲರೂ ಜ್ವರ, ಕೆಮ್ಮು ಇದ್ದವರು. 20 ಜನರಿಗೆ ಪಾಸಿಟಿವ್. ಅಂದರೆ ನೂರಕ್ಕೆ 20. ಈಗ ಏನೂ ಆಗದ, ಗಟ್ಟಿಮುಟ್ಟಾದ 300 ಜನರನ್ನು ಅದೇ ಸಾಲಿಗೆ ಸೇರಿಸಿ. ಅವರಲ್ಲಿ 3 ಜನರಿಗೆ ಪಾಸಿಟಿವ್ ಬಂತು ಅನ್ನೋಣ. ಒಟ್ಟು ಟೆಸ್ಟ್ 400, ಒಟ್ಟು ಪಾಸಿಟಿವ್ 23. ನೂರಕ್ಕೆ 6ರ ಒಳಗೆ ಬಂತು. ಕಾಯಿಲೆ ಇದ್ದವರು ಕಡಿಮೆಯಾದರೇ? ಇಲ್ಲ, ಮೂರು ಜನ ಜಾಸ್ತಿಯೇ ಸಿಕ್ಕರು. ಆದರೂ ನಂಬರ್ 20ರಿಂದ 6ಕ್ಕೆ ಇಳಿಯಿತು. ಕೆಳಗಿನ ಸಂಖ್ಯೆ ದೊಡ್ಡದಾಯಿತು, ಅಷ್ಟೇ.

'ಮತ್ತೆ ಜ್ವರ ಇದ್ದೋರು ಬರದೇ ಇದ್ರೆ?' ಅಂತ ಹೋಟೆಲ್‌ನವನು ಕೇಳಿದ.

'ಇನ್ನೂ ಇಳಿಯುತ್ತದೆ' ಅಂದೆ.

ನಾನು ಹೇಳಿದ್ದು ಇಷ್ಟೇ. ಯಾರಿಗೂ ಬಚ್ಚಿಟ್ಟುಕೊಳ್ಳಿ ಅನ್ನಲಿಲ್ಲ. ಆ ದಿನದಿಂದ ಈ ವಾಕ್ಯವನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಕೇಳಿದವರ ಮುಖ ನನಗೆ ಕಾಣುತ್ತಿತ್ತು. ಲೆಕ್ಕ ಕಲಿಸುವವನಿಗೆ ಹುಡುಗರು ಉತ್ತರವನ್ನು ಯಾಕೆ ಕೇಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ನನಗೂ ಗೊತ್ತಾಗಿತ್ತು.

ಇನ್ನೊಂದು ಮಾತು ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಒಂದು ಊರಿನ ಅರವತ್ತು ಟೆಸ್ಟ್‌ನಿಂದ ಜಿಲ್ಲೆಯ ಸಂಖ್ಯೆ ಅಲ್ಲಾಡುವುದಿಲ್ಲ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು, ನ್ಯಾಮತಿ, ದಾವಣಗೆರೆ ನಗರ ಎಲ್ಲಾ ಸೇರಿ ಬರುವ ಲೆಕ್ಕ ಅದು. ಒಬ್ಬ ಅಜ್ಜನನ್ನು ಅಡಗಿಸಿಟ್ಟರೆ ಬಸವರಾಜನ ಅಂಗಡಿ ಒಂದು ನಿಮಿಷವೂ ಮುಂಚೆ ತೆರೆಯುತ್ತಿರಲಿಲ್ಲ. ಮೂರನೇ ಕ್ಲಾಸಿನ ಲೆಕ್ಕ. ಅವತ್ತು ಯಾರಿಗೂ ಹೊಳೆಯಲಿಲ್ಲ, ನನಗೂ ಸೇರಿ. ಅಥವಾ ಹೊಳೆದರೂ ಮಾತು ಮುಂದುವರೆಸುವುದು ಬೇಡ ಅನಿಸಿತ್ತೋ ಏನೋ.

ಆ ಶನಿವಾರ

ಗುರುವಾರವೇ ಶಾಂತಕ್ಕ ಸರ್ವೆಗೆ ಹೋದಾಗ ಅಜ್ಜನಿಗೆ ಜ್ವರ ಇತ್ತು. ಅವಳ ರಿಜಿಸ್ಟರಿನಲ್ಲಿ ನೀಲಿ ಇಂಕಿನಲ್ಲಿ ಇದೆ: ಮನೆ ನಂಬರ್, ಜನ 5, ಜ್ವರ 1, ಕೆಮ್ಮು 1, ತಾರೀಖು 10-6. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 95 ಇತ್ತು ಅಂತಲೂ ಬರೆದಿದ್ದಾಳೆ. ಶನಿವಾರದ ಟೆಸ್ಟ್‌ಗೆ ಕರೆತರಬೇಕಾದವರ ಚೀಟಿಯಲ್ಲಿ ಅಜ್ಜನ ಹೆಸರೇ ಮೊದಲು.

ತಂಡ ಬೆಳಗ್ಗೆ ಎಂಟಕ್ಕೆ ಬಂತು. ಅವರ ಮೇಲೂ ಒತ್ತಡ ಇತ್ತು. ದಿನಕ್ಕೆ ಇಷ್ಟು ಟೆಸ್ಟ್ ಆಗಲೇಬೇಕು ಅಂತ. ರೇಷನ್ ಕೊಡುವ ದಿನ ಅದು, ಜನ ತಾವಾಗಿಯೇ ಸಾಲಾಗಿ ನಿಂತಿದ್ದಾರೆ. ಇದಕ್ಕಿಂತ ಸುಲಭ ಎಲ್ಲಿ ಸಿಗುತ್ತದೆ? ಟೆಸ್ಟ್ ಆದ ಮೇಲೆ ತೂಕ ಅಂದರು. ಹೆಚ್ಚಿನವರಿಗೆ ರ‍್ಯಾಪಿಡ್ ಕಿಟ್, ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಒಂದು ಗೆರೆ ನೆಗೆಟಿವ್, ಎರಡು ಗೆರೆ ಪಾಸಿಟಿವ್. ಕೆಲವರದ್ದು ಮಾತ್ರ ತಿಳಿ ಗುಲಾಬಿ ನೀರಿನ ಕೊಳವೆಗೆ ಕಡ್ಡಿ ಮುರಿದು ಹಾಕಿ ಆರ್‌ಟಿ-ಪಿಸಿಆರ್‌ಗೆ ತೆಗೆದುಕೊಂಡರು. ಅದರ ರಿಪೋರ್ಟ್ ಬರಲು ಆಗ ಮೂರು ನಾಲ್ಕು ದಿನ. ಸೋಮವಾರ ಟಿವಿಯಲ್ಲಿ ನೋಡುತ್ತಿದ್ದ ಅಂಕಿ ಹಿಂದಿನ ವಾರದ ಕಾಯಿಲೆ ಎಂಬುದು ಎಷ್ಟು ಜನಕ್ಕೆ ಗೊತ್ತಿತ್ತೋ.

ಸಾಲಿನಲ್ಲಿ ನಿಂತವರು ಯಾರು? ಅಕ್ಕಿ ಹೊರುವ ಶಕ್ತಿ ಇದ್ದವರು. ಜ್ವರ ಬಂದು ಮಲಗಿದವರು ರೇಷನ್ ತರಲು ಬರುವುದಿಲ್ಲ ಅಲ್ವಾ? 62 ಜನರಲ್ಲಿ ಒಬ್ಬ ಹುಡುಗನಿಗೆ ಎರಡು ಗೆರೆ ಬಂತು. ಬೆಂಗಳೂರಿನಿಂದ ಬಂದವನು. ಹಳ್ಳಿಗಳಲ್ಲಿ ಹೋಂ ಐಸೊಲೇಷನ್ ಬೇಡ, ಕೋವಿಡ್ ಕೇರ್ ಸೆಂಟರಿಗೇ ಕಳಿಸಿ ಎಂದು ಆಗ ಆದೇಶ ಇತ್ತು. ಅವನು ಬ್ಯಾಗ್ ಹಾಕಿಕೊಂಡು ಹಾಸ್ಟೆಲ್‌ನಲ್ಲಿ ಮಾಡಿದ್ದ ಸೆಂಟರಿಗೆ ಹೋದ. ಊರಿಗೆ ಊರೇ ನೋಡುತ್ತಿತ್ತು. ಆ ನೋಟ ನೋಡಿದ ಯಾವ ಮನೆಯವರು ತಮ್ಮ ಅಜ್ಜನನ್ನು ಹೊರಗೆ ಕರೆತರುತ್ತಾರೆ?

ಶಾಂತಕ್ಕ ಎರಡು ಸಲ ಆ ಮನೆಗೆ ಹೋದಳು. ಬಸವರಾಜ ಬಾಗಿಲಲ್ಲೇ ನಿಂತು 'ಅಪ್ಪ ಹೊಲಕ್ಕೆ ಹೋಗ್ಯಾನೆ ಅಕ್ಕ' ಅಂದ. ಎರಡನೇ ಸಲ ಅವಳು ನನ್ನ ಕಡೆ ಬಂದು, 'ಸಾರ್, ನೀವೊಂದ್ ಮಾತು ಹೇಳ್ರಿ, ನಿಮ್ಮ ಮಾತು ಕೇಳ್ತಾನೆ' ಅಂದಳು. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಹಿಂದಿನ ರಾತ್ರಿ ಪೂರ್ತಿ ನಾನು ಆ ಕೆಮ್ಮು ಕೇಳಿದ್ದೆ. ನಾನು ಅಂದದ್ದು: 'ನೋಡೋಣ ಇರು, ಬುಧವಾರ ಮತ್ತೆ ಬರ್ತಾರಂತಲ್ಲ.'

ಬುಧವಾರ ತಂಡ ಬರಲಿಲ್ಲ, ಬೇರೆ ಊರಿಗೆ ಹೋಯಿತು.

ಗುರುವಾರ ಅಜ್ಜನಿಗೆ ಏದುಸಿರು ಬಂತು. ಪಕ್ಕದೂರಿನ ಒಬ್ಬರು ಮನೆಗೇ ಬಂದು ಗ್ಲೂಕೋಸ್ ಏರಿಸಿ, ಒಂದು ಇಂಜೆಕ್ಷನ್ ಕೊಟ್ಟು ಹೋದರು. ದಾವಣಗೆರೆಗೆ ಕರೆದುಕೊಂಡು ಹೋಗು ಅಂತ ಶುಕ್ರವಾರ ಸಂಜೆ ನಾನು ಬಾಯಿಬಿಟ್ಟು ಹೇಳಿದೆ. ಬೆಳಗ್ಗೆ ಹೋಗೋಣ ಅಂದ ಬಸವರಾಜ. ಶನಿವಾರ, ಜೂನ್ 19, ಕೋಳಿ ಕೂಗುವ ಹೊತ್ತಿಗೆ ಅಜ್ಜ ಹೋಗಿಬಿಟ್ಟರು.

ಎರಡು ದಿನ ಬಿಟ್ಟು, ಜೂನ್ 21ಕ್ಕೆ, ದಾವಣಗೆರೆ, ಪಾಸಿಟಿವಿಟಿ ನೂರಕ್ಕೆ 10ಕ್ಕಿಂತ ಕೆಳಗೆ ಬಂದ ಜಿಲ್ಲೆಗಳ ಗುಂಪಿಗೆ ಸೇರಿತು. ಚಿತ್ರದುರ್ಗವೂ ಅದೇ ಗುಂಪಿನಲ್ಲಿ. ಅಂಗಡಿ ಎರಡು ಗಂಟೆವರೆಗೆ. ಬಸವರಾಜ ಅಂಗಡಿ ತೆಗೆಯಲಿಲ್ಲ, ಮನೆಯಲ್ಲಿ ಸೂತಕ.

ತಪ್ಪು ಎಲ್ಲಿ

ಒಂದು ಪ್ರಕರಣವಾಗಿ ಇದನ್ನು ಬಿಡಿಸಿ ನೋಡಿದರೆ ಸುಳ್ಳು ಬರೆದವರು ಯಾರೂ ಸಿಗುವುದಿಲ್ಲ. ಇದೇ ನನಗೆ ಜಾಸ್ತಿ ಕಾಡುವುದು. 62 ಟೆಸ್ಟ್ ನಿಜ, 1 ಪಾಸಿಟಿವ್ ನಿಜ. ಭಾಗಿಸಿದರೆ ನೂರಕ್ಕೆ 1.6, ಅದೂ ಸರಿ. ಮೇಲಿನವರು ಅದನ್ನು ಕೂಡಿಸಿದ್ದೂ ಸರಿ. ಸಂಖ್ಯೆ ಕಾಯಿಲೆಯನ್ನು ಅಳೆಯಲಿಲ್ಲ, ಸಾಲಿನಲ್ಲಿ ಯಾರು ನಿಂತರು ಎಂಬುದನ್ನು ಅಳೆಯಿತು.

ಪಾಸಿಟಿವಿಟಿ ಕೆಟ್ಟ ಅಳತೆಯಲ್ಲ. ಬರೀ ಕೇಸು ಎಣಿಸುವುದಕ್ಕಿಂತ ಒಳ್ಳೆಯದು. ಟೆಸ್ಟ್ ಕಡಿಮೆ ಮಾಡಿದರೆ ಕೇಸು ಕಡಿಮೆ ಕಾಣುತ್ತದೆ, ಆಗ ಪಾಸಿಟಿವಿಟಿ ಏರಿ ಎಚ್ಚರಿಸುತ್ತದೆ. ಅದಕ್ಕೇ ಅದನ್ನು ನೋಡುವುದು. ಆದರೆ ಆ ಅಳತೆಗೆ ಅಂಗಡಿಯ ಬೀಗದ ಕೈ ಕಟ್ಟಿದ ಕೂಡಲೇ ಅದರ ಗುಣ ಕೆಟ್ಟಿತು. ಎಲ್ಲರಿಗೂ ಅದನ್ನು ಇಳಿಸುವ ಆಸೆ ಹುಟ್ಟಿತು. ಟಾರ್ಗೆಟ್ ಮುಟ್ಟಿಸಬೇಕಾದವರು ಗಟ್ಟಿಮುಟ್ಟಾದವರನ್ನು ಸೇರಿಸಿದರು. ಅಂಗಡಿ ತೆಗೆಯಬೇಕಾದವರು ಜ್ವರ ಇದ್ದವರನ್ನು ಒಳಗಿಟ್ಟರು. ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಎರಡೂ ಕಡೆಯಿಂದ ಒಂದೇ ಬಾಗಿಲು ಮುಚ್ಚಿತು.

ಜಿಲ್ಲೆಯ ಬದಲು ಹೋಬಳಿ ಅಥವಾ ಪಂಚಾಯಿತಿ ಮಟ್ಟದಲ್ಲಿ ತೀರ್ಮಾನ ಮಾಡಿದ್ದರೆ ಸರಿ ಹೋಗುತ್ತಿತ್ತೇ? ಕೆಲವರು ಹಾಗನ್ನುತ್ತಾರೆ. ನನಗೆ ಅನುಮಾನ. ಆಗ ಅಡಗಿಸುವ ಆಸೆ ಇನ್ನೂ ಜಾಸ್ತಿ ಆಗುತ್ತಿತ್ತು, ಯಾಕೆಂದರೆ ಆಗ ಒಬ್ಬ ಅಜ್ಜನಿಂದ ನಿಜವಾಗಿಯೂ ಸಂಖ್ಯೆ ಅಲ್ಲಾಡುತ್ತಿತ್ತು. ಬೇಕಿದ್ದುದು ಬೇರೆ. ಪಾಸಿಟಿವ್ ಬಂದ ಮನೆಗೆ ತಗಡಿನ ಬದಲು ಹದಿನೈದು ದಿನದ ದಿನಸಿ ಮತ್ತು ಕೂಲಿ ಹೋಗಿದ್ದರೆ, ಶಾಂತಕ್ಕನಿಗೆ ಬಾಗಿಲು ತೆರೆಯುತ್ತಿತ್ತು. ಏಪ್ರಿಲ್‌ನಲ್ಲಿ ಅಜ್ಜನನ್ನು ಮನೆಯಿಂದ ಎಬ್ಬಿಸಲು ಅವಳಿಗೆ ಹತ್ತು ನಿಮಿಷ ಸಾಕಾಗಿತ್ತು, ಯಾಕೆಂದರೆ ಬಂದರೆ ಅಜ್ಜ ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಜೂನ್‌ನಲ್ಲಿ ಅದೇ ಹೆಂಗಸು, ಅದೇ ಮನೆ. ಆದರೆ ಬಂದರೆ ಅಂಗಡಿ ಕಳೆದುಕೊಳ್ಳುತ್ತೇವೆ ಅಂತ ಅವರು ನಂಬಿದ್ದರು.

ಕಾಗದ

ಸತ್ತವರ ಮನೆಯವರಿಗೆ ಪರಿಹಾರ ಎಂಬ ಸುದ್ದಿ ಆ ವರ್ಷದ ಕೊನೆಗೆ ಊರಿಗೆ ಬಂತು. ಸುಪ್ರೀಂ ಕೋರ್ಟ್ ಒಪ್ಪಿದ 50,000 ರೂಪಾಯಿ, ಅದರ ಜೊತೆ ಬಿಪಿಎಲ್ ಕುಟುಂಬವಾದರೆ ರಾಜ್ಯ ಸರ್ಕಾರದಿಂದ 1 ಲಕ್ಷ. ಟೆಸ್ಟ್ ಪಾಸಿಟಿವ್ ಬಂದ 30 ದಿನದೊಳಗೆ ತೀರಿಕೊಂಡಿದ್ದರೆ ಅದು ಕೋವಿಡ್ ಸಾವು. ಮನೆಯಲ್ಲಿ ತೀರಿಕೊಂಡಿದ್ದರೂ ಸರಿ. ಆದರೆ ಟೆಸ್ಟ್ ಆಗಿರಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಡಾಕ್ಟರ್ ನೋಡಿ ಕೋವಿಡ್ ಅಂತ ಬರೆದಿರಬೇಕು.

ಬಸವರಾಜ ನನ್ನನ್ನೂ ಕರೆದುಕೊಂಡು ಹೋದ. ಕಚೇರಿ ಯಾವುದು ಅಂತ ಬೇಡ. ಅರ್ಜಿ ತೆಗೆದುಕೊಳ್ಳುತ್ತಿದ್ದ ಗುಮಾಸ್ತರು ಒಳ್ಳೆಯವರೇ, ಸಿಡುಕಲಿಲ್ಲ. ಮರಣ ಪ್ರಮಾಣಪತ್ರ ನೋಡಿದರು, ರೇಷನ್ ಕಾರ್ಡ್ ನೋಡಿದರು, ಆಧಾರ್ ನೋಡಿದರು. 'ಎಸ್‌ಆರ್‌ಎಫ್ ನಂಬರ್ ಹೇಳಿ' ಅಂದರು. ಟೆಸ್ಟ್ ಮಾಡಿದವರಿಗೆಲ್ಲ ಕೊಡುವ ಉದ್ದನೆಯ ನಂಬರ್ ಅದು. ಬಸವರಾಜ ನನ್ನ ಮುಖ ನೋಡಿದ. ಅವನು ಏನೂ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಶಾಂತಕ್ಕನ ರಿಜಿಸ್ಟರಿನ ಆ ಪುಟದ ಫೋಟೋ ನನ್ನ ಫೋನಿನಲ್ಲಿತ್ತು, ತೋರಿಸಿದೆ. ಜ್ವರ 1, ಕೆಮ್ಮು 1. ಗುಮಾಸ್ತರು ದೊಡ್ಡದು ಮಾಡಿ ನೋಡಿದರು. 'ಇದು ಟೆಸ್ಟ್ ಅಲ್ಲ ಸಾರ್' ಅಂದರು. ಸರಿಯೇ. ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು, ಆದರೆ ಅಲ್ಲಿಯೂ ಏನಾದರೊಂದು ದಾಖಲೆ ಬೇಕು ಅಂದರು.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ 2021ರ ಕೊನೆಯವರೆಗೆ ಕೋವಿಡ್‌ನಿಂದ ನೇರವಾಗಿಯೋ ಪರೋಕ್ಷವಾಗಿಯೋ ಹೆಚ್ಚುವರಿಯಾಗಿ ಸತ್ತವರು ಸುಮಾರು 47 ಲಕ್ಷ ಅಂತ ಅಂದಾಜು ಕೊಟ್ಟಿತು. ಸರ್ಕಾರದ ಲೆಕ್ಕದಲ್ಲಿ 4.8 ಲಕ್ಷ. ಅಂದಾಜು ಮಾಡಿದ ರೀತಿಯೇ ಸರಿಯಿಲ್ಲ ಅಂತ ಸರ್ಕಾರ ವಿರೋಧಿಸಿತು. ಟಿವಿಯಲ್ಲಿ ಎರಡು ದಿನ ಜಗಳ ನಡೆಯಿತು. ಎರಡು ಅಂಕಿಗಳ ನಡುವಿನ ಅಂತರದಲ್ಲಿ ಯಾರಿದ್ದಾರೆ ಅಂತ ಊಹಿಸಲು ನನಗೆ ಕಷ್ಟವಾಗಲಿಲ್ಲ. ಒಬ್ಬರ ಮನೆ ನನ್ನ ಪಕ್ಕದ ಗೋಡೆ.

ಆವತ್ತು ಕಚೇರಿಯಲ್ಲಿ ಬಸವರಾಜ ಕೊನೆಗೆ ಪ್ಲಾಸ್ಟಿಕ್ ಕವರಿನಿಂದ ಇನ್ನೊಂದು ಕಾಗದ ತೆಗೆದ. ನನ್ನ ನಂಬರಿನಿಂದ ಡೌನ್‌ಲೋಡ್ ಮಾಡಿ, ಆನಗೋಡಿನಲ್ಲಿ ಹತ್ತು ರೂಪಾಯಿ ಕೊಟ್ಟು ಕಲರ್ ಪ್ರಿಂಟ್ ಹಾಕಿಸಿದ್ದ ಲಸಿಕೆ ಸರ್ಟಿಫಿಕೇಟ್. ಕೋವಿಡ್ ಅಂತ ಬರೆದು ಅಜ್ಜನ ಹೆಸರಿರುವ ಸರ್ಕಾರಿ ಕಾಗದ ಅಂತ ಅವನ ಹತ್ತಿರ ಇದ್ದದ್ದು ಅದೊಂದೇ.

'ಇದು ಬರಲ್ಲಪ್ಪ, ಇದು ಲಸಿಕೆದು' ಅಂತ ಗುಮಾಸ್ತರು ಅದನ್ನು ತಿರುಗಿಸಿ ಅವನ ಕಡೆ ತಳ್ಳಿದರು. ಬಸವರಾಜ ಮಡಚಿ ಕವರಿಗೆ ಹಾಕಿಕೊಂಡ. ಈಗ ಅದು ಅಂಗಡಿಯಲ್ಲಿ ತಕ್ಕಡಿ ಹಿಂದಿನ ಗೂಡಿನಲ್ಲಿ, ಸಾಲದ ಪುಸ್ತಕದ ಜೊತೆ ಇದೆ. ಮೊದಲ ಡೋಸ್: ಏಪ್ರಿಲ್ 7. ಮುಂದಿನ ಡೋಸ್: ಜೂನ್ 30ರಿಂದ ಜುಲೈ 28ರ ಒಳಗೆ.